ಜೋನ್ ಕುರ್ಚಿಯ ಪಕ್ಕದ ಡಬ್ಬಿ

ಆಸ್ಟ್ರೇಲಿಯಾದ ಹೋಬಾರ್ಟ್‌ನ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕದ ಬೆಂಚಿನ ಇಬ್ಬರು ವೃದ್ಧರ ಮಾತು ಬ್ರಿಜಿಟ್‌ಳ ಕಿವಿಗೆ ಬಿತ್ತು.

“ಹೀಟರ್ ಕೆಟ್ಟಿದೆ ಲೀತ್. ಮಲಗೋ ಕೋಣೇಲಿ ಚಳಿ ತಡೆಯೋಕಾಗಲ್ಲ.”

“ಕೆಟ್ಟಿರಲ್ಲ ಮಾರಾಯ. ಶಾಖ ಅಳೆಯೋ ಡಬ್ಬಿ ಎಲ್ಲಿಟ್ಟಿದ್ದೀಯ?”

“ಹಾಲ್‌ನಲ್ಲಿ, ಜೋನ್ ಕುರ್ಚಿ ಪಕ್ಕ. ಅವಳಿಗೇ ಚಳಿ ಜಾಸ್ತಿ ಅಲ್ವಾ.”

“ಅಲ್ಲೇ ಎಡವಟ್ಟು. ಡಬ್ಬಿ ಹೇಳಿದ್ದಷ್ಟೇ ಹೀಟರ್‌ಗೆ ಗೊತ್ತು. ಅಲ್ಲಿ ತಣ್ಣಗಾದ್ರೆ ಶುರುವಾಗುತ್ತೆ, ಬೆಚ್ಚಗಾದ್ರೆ ನಿಲ್ಲುತ್ತೆ. ನಿನ್ನ ನಡುಕ ತಿಳಿಯೋಕೆ ಅದೇನು ನಿನ್ನ ಅಮ್ಮನಾ? ಡಬ್ಬೀನ ನಿನ್ನ ಹಾಸಿಗೆ ಹತ್ರ ಇಡು.”

“ಆಮೇಲೆ ಕುರ್ಚಿ ಹತ್ರ ತಣ್ಣಗಾದ್ರೆ ಅದಕ್ಕೆ ಗೊತ್ತಾಗಲ್ವಲ್ಲ.”

ಲೀತ್ ಅವನ ಕಡೆ ತಿರುಗಿದ.

“ನಿನ್ನ ಹೆಂಡತಿ ತೀರಿಹೋಗಿ ವರ್ಷವಾಯ್ತು ಡೆಸ್.”

“ಗೊತ್ತು. ಇನ್ನೊಂದು ಕಂಬಳಿ ಹೊದ್ಕೋತೀನಿ ಬಿಡು.”

ಬಸ್ಸು ಬಂತು. ಲೀತ್ ಅವನ ಮೊಣಕೈ ಹಿಡಿದು ಹತ್ತಿಸಿದ.