ಮೂರು ಚುಕ್ಕೆಯ ಬೋಲ್ಟು

ಥೂ! ಥೂ! ಈ ಬೋಲ್ಟನ್ನ ನನ್ನ ಕೈಗೆ ಯಾಕೆ ಕೊಟ್ಟೆ ದಾಸಣ್ಣ? ಮುಟ್ಟಾಕೇ ಅಸಹ್ಯ ಆಗ್ತೈತೆ. ನೋಡಿಲ್ಲಿ, ಉಗುರಲ್ಲಿ ಕೆರೆದ್ರೆ ಸಾಕು, ಗಾಯದ ಹಕ್ಕಳೆ ಎದ್ದಂಗೆ ಏಳ್ತೈತೆ. ಒಳಗೆಲ್ಲ ತುಕ್ಕು! ಇದಾ ಸತುವಿನ ಲೇಪ? ಸಿಲ್ವರ್ ಪೇಂಟ್ ಕಣಪ್ಪ, ಗೇಟಿಗೆ ಬಳಿಯೋದು!

ಕುಂತ್ಕ. ಯಾಕೆ ನಿಂತೇ ಇದ್ದೀಯ? ಹಾಲುರಾಮೇಶ್ವರದಲ್ಲಿ ಬೋರಿಂದ ಮೋಟರ್ ಎತ್ತೋವಾಗ ಕ್ಲಾಂಪಿನ ಬೋಲ್ಟು ತುಂಡಾಯ್ತು, ಪೈಪು ಜಾರಿ ನಿನ್ನ ಮೂರು ಬೆರಳು ಹೋದ್ವು ಅಂತ ನಿನ್ನಂಗೇ ಮೋಟರ್ ಎತ್ತೋ ಎತ್ತಪ್ಪ ಸಂತೇಲಿ ಹೇಳ್ದ. ಆಸ್ಪತ್ರೆಗೆ ಬರಾಣ ಅಂತಿದ್ದೆ. ದಿನಾ ಅಂದ್ಕಳ್ತಿದ್ದೆ... ಯಾಕೆ ಹಂಗೆ ನೋಡ್ತೀಯ? ಬರಾಣ ಅಂತಿದ್ದೆ ಅಂದ್ನಲ್ಲ!

ಇದು ಆ ಶ್ರೀರಾಂಪುರದೋನ ಕೆಲಸ. ಮತ್ಯಾರು? ನಿಂಗೆ ಗೊತ್ತಿಲ್ದಂಗೆ ನಿನ್ನ ಕೆಲಸದ ಹುಡುಗ ಕಾಟಯ್ಯ ಅಲ್ಲಿಗೆ ಕೊಟ್ಟಿರ್ತಾನೆ. ತೊಂಬತ್ತೆಂಟರಲ್ಲಿ ನಂಗೆ ಪೈಪೋಟಿಗೆ ಸತು ಹಾಕೋ ಅಂಗಡಿ ಇಟ್ನಲ್ಲ ಅವನು, ‘ಬೆಳಗ್ಗೆ ಕೊಡಿ, ಸಂಜೆ ಒಯ್ಯಿರಿ’ ಅಂತ ಬೋರ್ಡು ಬೇರೆ! ಥೂ! ನಮ್ಮಪ್ಪ ಪಾತ್ರೆಗೆ ಕಲಾಯಿ ಹಾಕೋವಾಗ ಉಜ್ಜಿ, ಕಾಯಿಸಿ, ನವಸಾಗರ ಉದುರಿಸಿ, ಆಮೇಲೆ ತವರ ಮುಟ್ತಿದ್ದ. ನಾನೂ ಅಷ್ಟೆ. ಆಸಿಡ್ಡಲ್ಲಿ ತುಕ್ಕು ತೆಗಿ, ತೊಳಿ, ಒಣಗಿಸು, ಆಮೇಲೆ ಕರಗಿದ ಸತುವಲ್ಲಿ ಮುಳುಗಿಸು. ಆಗ ಎಂಥಾ ಸವುಳು ನೀರೂ ಏನೂ ಮಾಡಲ್ಲ. ಹೊಸದುರ್ಗದಲ್ಲಿ ಯಾರನ್ನಾದ್ರೂ ಕೇಳು, ಕರೀಂ ಸಾಬ್ ಕೈಯಿಂದ ಇಂಥಾ ಹೊಲಸು ಕೆಲಸ ಯಾವತ್ತೂ... ಖುದಾನ ಆಣೆ... ಬ್ಯಾಡ ಬಿಡು, ಆಣೆ ಯಾಕೆ.

ಏನು ನಗ್ತೀಯ? ಅದನ್ನ ಯಾಕೆ ತಿರುಗಿಸ್ತೀಯ? ಬೋಲ್ಟಿನ ತಲೆ ಮೇಲೆ ಏನೈತೆ?

ಚುಕ್ಕೆ... ಮೂರು ಚುಕ್ಕೆ. ಅದನ್ನ ಯಾರು ಬೇಕಾದ್ರೂ ಹೊಡೀಬಹುದಪ್ಪ! ಒಬ್ಬರ ಬೋಲ್ಟು ಒಬ್ಬರದ್ರಾಗೆ ಸೇರಬಾರ್ದು ಅಂತ ನಾನು ಹೊಡಿಯೋ ಗುರ್ತು ಅದು. ಎತ್ತಪ್ಪಂದು ನಾಲ್ಕು, ನಿಂದು... ಆ ಶ್ರೀರಾಂಪುರದೋನು ನೋಡ್ಕಂಡು ಹೊಡ್ದಿರ್ತಾನೆ. ಹೂಂ, ಹಂಗೇ ಇರ್ಬೇಕು. ಅಲ್ವಾ? ಅಲ್ವೇನೋ? ಬೈಯೋದಾದ್ರೂ ಬೈಯಿ ಮಾರಾಯ!

...ನೀನು ಇದನ್ನ ತಂದ ದಿನ ಸತು ಕರಗಿಸೋ ತೊಟ್ಟಿ ಬಿರುಕು ಬಿಟ್ಟಿತ್ತು. ನೀನು ನಾಳೇನೇ ಬೇಕು ಅಂದೆ. ನಾನು ಆಗಲ್ಲ ಅಂದಿದ್ರೆ ನೀನು ಆ ಶ್ರೀರಾಂಪುರದೋನ ಹತ್ರ ಹೋಗ್ತಿದ್ದೆ. ಅವನು ಸರಿಯಾಗೇ ಮಾಡ್ಕೊಡ್ತಿದ್ದ ದಾಸಣ್ಣ. ಅವನ ಕೆಲಸ ನೋಡಿದ್ದೀನಿ, ಚೆನ್ನಾಗೈತೆ. ಅದಕ್ಕೇ ನಂಗೆ ಹೊಟ್ಟೆಕಿಚ್ಚು. ಇಪ್ಪತ್ತು ವರ್ಷದ ಗಿರಾಕಿ ಅವನ ಬಾಗ್ಲಿಗೆ ಹೋಗ್ಬಾರ್ದು ಅಂತ ಬ್ರಷ್ ಹಿಡ್ದೆ. ತುಕ್ಕಿನ ಮೇಲೇ ಬಳ್ದೆ. ನೀನು ತಿರುಗಿಸಿನೂ ನೋಡ್ಲಿಲ್ಲ, ಜೇಬಿಗೆ ಹಾಕ್ಕಂಡು ಹೋದೆ. ಥೂ ನನ್ನ ಮುಖಕ್ಕೆ!

ಹೊಡಿ ಒಂದು. ಕೆನ್ನೆ ಇಲ್ಲೇ ಐತೆ, ಬಲಗೈ ಬೀಸಿ ಹೊಡಿ! ಟವೆಲ್ಲೊಳಗಿಂದ ಕೈ ತೆಗಿ...

ಯಾ ಅಲ್ಲಾ. ಬೆರಳು ಹೋಗಿದ್ದು ಅದೇ ಕೈಯಾ?