ಆಕಾಶದಿಂದ ಬೀಳದ ಕಂಬ

ಅಂಚೆ ಕಚೇರಿಯ ಸಾಲಿನಲ್ಲಿ ಅಜ್ಜಿ ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಳ್ಳುತ್ತ ನಿಂತಿದ್ದರು. ಅವರ ಮುಂದೆ ಒಬ್ಬ ವೆಲ್ಡರ್, ಪಕ್ಕದಲ್ಲಿ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವನ ನಾದಿನಿ. ಅವನು ಎದೆಗೊತ್ತಿಕೊಂಡಿದ್ದ ದಪ್ಪ ಲಕೋಟೆಯ ಮೇಲೆ ‘ರಕ್ಷಣಾ ಮಂತ್ರಿಗಳಿಗೆ’ ಎಂದು ಬರೆದಿತ್ತು. ಅಜ್ಜಿಯ ಸ್ತೋತ್ರ ಮೂರನೆಯ ಚರಣದಲ್ಲೇ ನಿಂತುಹೋಯಿತು.

“ಮೂರು ವರ್ಷ ಕೂತು ಬರೆದಿದ್ದೀನಿ. ಬಾಯಿ ಹಾಕಬೇಡ.”

“ಒಂದೇ ಪ್ರಶ್ನೆ ಭಾವ. ನಿಮ್ಮ ಈ ಹೊಸ ಅಸ್ತ್ರದಲ್ಲಿ ಉಪಗ್ರಹದಿಂದ ಕಬ್ಬಿಣದ ಕಂಬ ಕೈಬಿಟ್ಟರೆ ಏನಾಗತ್ತೆ?”

“ಶತ್ರುವಿನ ನೆತ್ತಿ ಮೇಲೆ ಬೀಳತ್ತೆ. ಅದಕ್ಕೂ ಓದಿರಬೇಕಾ?”

“ಬೀಳಲ್ಲ. ಅಷ್ಟೇ ವೇಗದಲ್ಲಿ ಉಪಗ್ರಹದ ಪಕ್ಕದಲ್ಲೇ ಸುತ್ತುತ್ತೆ.”

“ಕೈಬಿಟ್ಟ ಮೇಲೂನಾ?”

“ನೀವು ಒಬ್ಬರೇ ಪೇಟೆಗೆ ಹೊರಟಾಗ ಅಕ್ಕ ಬರ್ತಾಳಲ್ಲ, ಹಾಗೆ.”

ವೆಲ್ಡರ್ ಲಕೋಟೆಯನ್ನೇ ಗಾಳಿಯಲ್ಲಿ ಹಿಂದಕ್ಕೆ ತಳ್ಳಿ ತೋರಿಸಿದ.

“ಹಿಂದಕ್ಕೆ ತಳ್ಳಿದರೆ?”

“ಆಗ ವೇಗ ಕಮ್ಮಿಯಾಗಿ ಬೀಳತ್ತೆ. ಆದರೆ ತಳ್ಳೋಕೆ ಕಂಬಕ್ಕೊಂದು ರಾಕೆಟ್ ಬೇಕು, ಅಷ್ಟನ್ನೂ ಮೇಲಕ್ಕೆ ಹೊರೋಕೆ ಇನ್ನೂ ದೊಡ್ಡದು ಬೇಕು. ಆಮೇಲೆ ಉಪಗ್ರಹ ಸರಿಯಾದ ಜಾಗಕ್ಕೆ ಬರೋವರೆಗೂ ಕಾಯಬೇಕು.”

“ಅಷ್ಟರಲ್ಲಿ ಶತ್ರು?”

“ಊಟ ಮುಗಿಸಿ ಬೇರೆ ಊರಿಗೆ ಹೋಗಿರ್ತಾನೆ.”

“ನಮ್ಮ ಖಜಾನೆ?”

“ಹತ್ತು ಕಂಬಕ್ಕೇ ಬರಿದು.”

“ಮುಂದಿನವರು!” ಎಂದು ಕಿಟಕಿಯೊಳಗಿಂದ ಕೂಗಿದರು. ವೆಲ್ಡರ್ ಲಕೋಟೆಯನ್ನೇ ನೋಡುತ್ತ ನಿಂತ. ಇನ್ನೇನು ಅತ್ತೇಬಿಡುತ್ತಾನೆ ಎಂದು ಅಜ್ಜಿ ಅಂದುಕೊಳ್ಳುವಷ್ಟರಲ್ಲಿ ಅವನ ಮುಖ ಅರಳಿತು.

“ಪೆನ್ನು ಕೊಡು.”

“ಯಾಕೆ ಭಾವ?”

“ವಿಳಾಸ ಬದಲಾಯಿಸ್ತೀನಿ. ಶತ್ರುವಿಗೇ ಕಳಿಸೋಣ. ಅವನು ಕಟ್ಟಿ ಹಾಳಾಗಲಿ.”

ನಾದಿನಿ ಚೀಲದಿಂದ ಪೆನ್ನು ತೆಗೆದಳು. ಇಬ್ಬರೂ ಸಾಲು ಬಿಟ್ಟು ಗೋಡೆ ಬದಿಯ ಮೇಜಿನತ್ತ ಸರಿದರು.

“ಅಕ್ಷರ ಗುಂಡಗಿರಲಿ ಭಾವ,” ಎನ್ನುತ್ತಿದ್ದಳು ಅವಳು, “ಅವರು ನಂಬಬೇಕಲ್ಲ.”