ಕೂತ ಕೋಳಿ

ಸೂಪರ್‌ಮಾರ್ಕೆಟ್ಟಿನ ಬಿಲ್ಲಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಮ್ಮ ನಿಂತಿದ್ದರು. ತಮ್ಮ ಕೋಳಿ ಶೆಡ್ಡಿನ ಆಳೆಂದು ಅವರ ಮಾತಿನಿಂದಲೇ ತಿಳಿಯಿತು. ಅಕ್ಕ ಬುಟ್ಟಿಯಲ್ಲಿದ್ದ ಅಗ್ಗದ ಕೋಳಿಮಾಂಸದ ಪೊಟ್ಟಣ ಎತ್ತಿ ತೋರಿಸಿದಳು.

“ನಿಮ್ಮ ಶೆಡ್ಡಿಂದೇ ನೋಡೋ. ‘ಆರಾಮವಾಗಿ ಬೆಳೆದ ಕೋಳಿ’ ಅಂತ ಚೀಟಿ ಬೇರೆ. ನಿನಗಿಂತ ಅವೇ ವಾಸಿ!”

“ಇಡಕ್ಕ ಅದನ್ನ. ಆ ಚೀಟಿ ಬಂದಿದ್ದೇ ನನ್ನ ಬಾಯಿಂದ.”

“ನೀನ್ಯಾವ ದೊಡ್ಡ ಮನುಷ್ಯನೋ?”

“ಆ ಚೀಟಿ ಕೊಡೋ ತಪಾಸಣೆಯವರು ಬಾಗಿಲಲ್ಲೇ ನಿಂತು, ಕೋಳಿ ಹೇಗಿವೆ ಅಂದ್ರು. ‘ತುಂಬಾ ಕೂತಿವೆ ಸಾರ್’ ಅಂದೆ. ಆರಾಮಾಗಿ ಕೂತಿವೆ ಅಂತ ಬರ್ಕೊಂಡ್ರು.”

“ಅದರಲ್ಲೇನು ತಪ್ಪು?”

“ನಮ್ಮಲ್ಲಿ ಕೂತಿದೆ ಅಂದ್ರೆ ಮೈಭಾರಕ್ಕೆ ಕಾಲು ಸೋತು ಏಳಕ್ಕಾಗಲ್ಲ ಅಂತ. ನೀರಿನ ತನಕಾನೂ ಹೋಗಲಾರದೆ ಸಾಯ್ತವೆ.”

“ಆಗಲೇ ಬಿಡಿಸಿ ಹೇಳ್ಬೇಕಿತ್ತು.”

“ಧಣಿ ಪಕ್ಕದಲ್ಲೇ ನಗ್ತಾ ನಿಂತಿದ್ದ. ಬಾಯಿಗೆ ಬೀಗ ಬಿತ್ತು.”

“ಅದಕ್ಕೇನಾ ಮೊನ್ನೆ ನನ್ನ ಪಾಪು ಮೊದಲ ಸಲ ಕೂತಾಗ, ‘ಕೂತಿದೆ ಬಾರೋ’ ಅಂದ್ರೆ ಓಡಿಬಂದು ಎತ್ತಿ ನಿಲ್ಲಿಸಿದ್ದು? ಆರು ತಿಂಗಳ ಕೂಸು ಕಣೋ ಅದು!”

ಯಾರ ಮೇಲೆಂದು ತಿಳಿಯದೆ ನನಗೆ ಸಿಟ್ಟು ಬಂತು.

“ತಪಾಸಣೆಯವರು ನಾಳೆ ಮತ್ತೆ ಬರ್ತಾರಕ್ಕ.”

“ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ.”

“ಹೂಂ.”

ಅವಳು ಪೊಟ್ಟಣವನ್ನು ಪಕ್ಕದ ಕಟ್ಟೆಯ ಮೇಲಿಟ್ಟಳು.

“ಹಾಗಾದ್ರೆ ಏನೂ ಹೇಳ್ಬೇಡ. ಒಳಗೆ ಕರ್ಕೊಂಡು ಹೋಗಿ, ‘ಒಂದನ್ನ ಎಬ್ಬಿಸಿ ನೋಡಿ ಸಾರ್’ ಅನ್ನು.”

ಬಿಲ್ಲು ಮುಗಿಸಿ ಇಬ್ಬರೂ ಹೊರಟುಹೋದರು.